ಸಾಹುಕಾರನ ಜ್ಯೋತಿದರ್ಶನ

ನೋಡಿ, ಊರು ಅಂದಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕು, ಇಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಇವನಿಗೆ ಹೆಸರಿಡುವುದು ಬೇಡ. ಇಟ್ಟರೆ ಮುಂದಿನ ಸಾಲಿನಲ್ಲಿ ಕುಳಿತವರು ಯಾರಾದರೂ ಮುನಿಸಿಕೊಂಡಾರು. ಅವನ ಹೆಂಡತಿಯನ್ನು ಮಾತ್ರ ಪುಟ್ಟನಂಜಮ್ಮ ಎನ್ನೋಣ. ಆಕೆ ಮುನಿಸಿಕೊಳ್ಳುವವಳಲ್ಲ.

ಸಾಹುಕಾರನಿಗೆ ಮನೆಯಿತ್ತು, ಅಕ್ಕಿ ಗಿರಣಿಯಿತ್ತು, ಕರೆದರೆ ಓಡಿಬರುವ ಆಳುಗಳಿದ್ದರು. ಇಲ್ಲದಿದ್ದದ್ದು ಒಂದೇ, ಧ್ಯಾನ. ಅವನ ಬೀಗರು ಕಣ್ಣು ಮುಚ್ಚಿ ಕುಳಿತರೆಂದರೆ ಮೂಗಿನ ಮೇಲೆ ನೊಣ ಬಂದು ಕೂತು, ಬೇಸರವಾಗಿ ಎದ್ದು ಹೋದರೂ ಅಲುಗುತ್ತಿರಲಿಲ್ಲ. ಊರೆಲ್ಲ ಅವರ ಕಾಲಿಗೆ ಬೀಳುತ್ತಿತ್ತು. ಅದೂ ಇವನ ಕಣ್ಣೆದುರೇ! ಹೊಟ್ಟೆ ಉರಿಯದೆ ಇರುತ್ತದೆಯೇ?

ಮಠಕ್ಕೆ ಓಡಿದ. "ಬುದ್ಧೀ, ನಂಗೂ ಧ್ಯಾನ ಹತ್ತಬೇಕು. ಏನ್ ಮಾಡ್ಲಿ?"

"ಊಟ ಸರಿ ಮಾಡ್ಕೊಳ್ಳಪ್ಪ," ಎಂದರು ಗುರುಗಳು. "ಸಾತ್ವಿಕವಾಗಿರ್ಲಿ, ಹಿತವಾಗಿರ್ಲಿ, ಮಿತವಾಗಿರ್ಲಿ."

ಗುರುಗಳು ಮೂರು ಮಾತು ಹೇಳಿದರು. ಸಾಹುಕಾರ ಮೊದಲನೆಯದನ್ನು ಕಿವಿಗೆ ಹಾಕಿಕೊಂಡವನೇ ಎದ್ದುಬಿಟ್ಟ. ಉಳಿದೆರಡು ಮಠದ ಜಗಲಿಯ ಮೇಲೇ ಬಿದ್ದಿದ್ದವು. ನಾವು ಕೇಳುವುದೂ ಹೀಗೇ ತಾನೇ? ನಮಗೆ ಬೇಕಾದಷ್ಟು ಕೇಳುತ್ತೇವೆ, ಬೇಡದ್ದು ಬರುವಾಗ ಚಪ್ಪಲಿ ಹುಡುಕುತ್ತೇವೆ!

ಮನೆಗೆ ಬಂದವನು ಈರುಳ್ಳಿಯ ಬುಟ್ಟಿಯನ್ನೂ ಬೆಳ್ಳುಳ್ಳಿಯ ಗೊಂಚಲನ್ನೂ ಬೀದಿಗೆ ತಂದಿಟ್ಟ. "ಇವತ್ತಿಂದ ಈ ಮನೇಲಿ ಸಾತ್ವಿಕ!"

"ಆಗ್ಲಿ ಬಿಡಿ. ಗಂಜಿ ಕಾಯಿಸ್ಲಾ?" ಎಂದಳು ಪುಟ್ಟನಂಜಮ್ಮ.

"ಗಂಜಿ ಯಾಕೇ? ಯಾರಿಗೇನ್ ಜ್ವರ ಬಂದಿದೆ? ತುಪ್ಪ ಸಾತ್ವಿಕ ಅಲ್ವಾ? ಹಾಲು ಸಾತ್ವಿಕ ಅಲ್ವಾ? ಬೆಲ್ಲ, ಉದ್ದು, ಮೊಸರು, ಇವೆಲ್ಲ ಯಾರಿಗೆ ಏನ್ ಕೇಡು ಮಾಡಿವೆ?"

ಶುರುವಾಯಿತು ನೋಡಿ ಸಾತ್ವಿಕ! ಬೆಳಗ್ಗೆ ತುಪ್ಪದಲ್ಲಿ ಮುಳುಗಿದ ಪೊಂಗಲ್ಲು. ಮಧ್ಯಾಹ್ನ ಹೋಳಿಗೆ, ಅದರ ಹಿಂದೆ ಪಾಯಸ, ಪಾಯಸದ ಹಿಂದೆ ಮೊಸರುವಡೆ.

"ಇಷ್ಟು ತಿಂದ್ರೆ ಕೂತ್ಕೊಳ್ಳೋಕಾಗುತ್ತೇನ್ರೀ?"

"ಸಾತ್ವಿಕ ಕಣೇ. ಒಳಗೆ ಹೋದ್ಮೇಲೆ ಹಗುರ ಆಗುತ್ತೆ."

ಪದ್ಮಾಸನ ಹಾಕಲು ಹೋದರೆ ಬಲಗಾಲು ಎಡಗಾಲನ್ನು ಹುಡುಕಿ ಹುಡುಕಿ ಸೋತಿತು. ನಡುವೆ ಹೊಟ್ಟೆ ಬೆಟ್ಟದಂತೆ ಕುಳಿತಿತ್ತು. ಗೋಡೆಗೆ ಒರಗಿದ, ಬೆನ್ನಿಗೊಂದು ದಿಂಬು, ಕತ್ತಿಗೊಂದು ದಿಂಬು. ಕಣ್ಣು ಮುಚ್ಚುವುದೇ ತಡ, ಓಂಕಾರ ಹೊರಟಿತು. ಬಾಯಿಂದಲ್ಲ, ಮೂಗಿನಿಂದ. ಆಳುಗಳು ಗಿರಣಿ ಶುರುವಾಯಿತೆಂದು ಓಡಿಬಂದರು.

ಹೀಗಿರಲಾಗಿ ಒಂದು ಮಧ್ಯಾಹ್ನ ಸಾಹುಕಾರ ದಡಬಡಿಸಿ ಎದ್ದ. ಕಣ್ಣಲ್ಲಿ ನೀರು! "ಕಂಡೆ! ನಂಗೂ ಕಾಣಿಸ್ತು!" ಅವನ ಸಂತೋಷ ಸುಳ್ಳಲ್ಲ, ನೋಡಿ; ಬಾಳಿನಲ್ಲಿ ಮೊದಲ ಸಲ ದೇವರು ತನ್ನ ಕಡೆಗೂ ತಿರುಗಿದನೆಂದು ಆ ಜೀವ ನಿಜವಾಗಿ ನಂಬಿತ್ತು. ಆದರೆ ಸಂತೋಷ ಅಷ್ಟಕ್ಕೇ ನಿಲ್ಲಬೇಕಲ್ಲ? ಕಲ್ಲುಕುಟಿಗನನ್ನು ಕರೆಸಿ, ನುಣುಪಾದ ಅಮೃತಶಿಲೆಯೊಂದನ್ನು ಕೊಟ್ಟು, 'ಸಾಹುಕಾರರಿಗೆ ಜ್ಯೋತಿದರ್ಶನವಾಯಿತು' ಎಂದು ಕೆತ್ತಿಸಿಯೇಬಿಟ್ಟ. ಗುರುಗಳು ಸಭೆಯಲ್ಲಿ 'ಹೌದು' ಎಂದರೆ ಸಾಕು, ಕಲ್ಲು ಮಠದ ಗೋಡೆಗೆ. 'ಅಲ್ಲ' ಎಂದರೆ? ಬೀಗರಿಗೆ ಹೇಗೆ ಮುಖ ತೋರಿಸುವುದು? ಆದರೂ ಊರನ್ನೆಲ್ಲ ಕರೆದುಕೊಂಡು ಮಠಕ್ಕೆ ಹೋದ.

"ಏನು ಕಂಡಿರಿ ಯಜಮಾನ್ರೇ?" ಎಂದರು ಗುರುಗಳು.

"ಸಮುದ್ರ, ಬುದ್ಧೀ! ಬಿಳೀ ಸಮುದ್ರ, ಕ್ಷೀರಸಾಗರ!"

ಸಭೆ ಕೈಮುಗಿಯಿತು.

"ಅದರೊಳಗೆ?"

"ಹೊಂಬಣ್ಣದ ಒಂದು ಮಂಡಲ. ದುಂಡಗೆ. ತೇಲ್ತಾ ಇತ್ತು."

"ಮಂಡಲದ ನಡುವೆ?"

"ಏನೂ ಇಲ್ಲ, ಬುದ್ಧೀ. ಬರೀ ಶೂನ್ಯ!"

ಮುದುಕಿಯೊಬ್ಬಳು ಗಲ್ಲ ಗಲ್ಲ ಬಡಿದುಕೊಂಡಳು. ಬೀಗರ ಮುಖ ಸಣ್ಣಗಾಯಿತು. ಸಾಹುಕಾರ ಓರೆಗಣ್ಣಲ್ಲಿ ಅದನ್ನೂ ನೋಡಿಕೊಂಡ.

"ಸುತ್ತ ನಕ್ಷತ್ರ ಏನಾದ್ರೂ?"

"ಇದ್ವು. ಕಪ್ಪಗೆ, ಸಾಸಿವೆ ಗಾತ್ರ. ಅಲ್ಲಲ್ಲಿ ಹಸಿರು ಎಲೆ."

ಗುರುಗಳು ಮೀಸೆಯಲ್ಲೇ ನಕ್ಕರು. "ಪರಿಮಳ ಬಂತೇ?"

"ದಿವ್ಯ ಪರಿಮಳ! ಹೇಗೆ ಹೇಳ್ಲಿ ಬುದ್ಧೀ... ಇಂಗಿನ ಥರ."

ಹೆಂಗಸರ ಕಡೆಯಿಂದ ಪುಟ್ಟನಂಜಮ್ಮ ಎದ್ದು ನಿಂತಳು. "ಅಪ್ಪಣೆಯಾದ್ರೆ ಒಂದ್ ಮಾತು, ಬುದ್ಧೀ. ಅವತ್ತು ಮಿಕ್ಕಿದ್ದ ವಡೆ ಮೊಸರಲ್ಲಿ ನೆನೆಹಾಕಿ, ಒಗ್ಗರಣೆ ಕೊಟ್ಟು, ಇವ್ರು ಕೂತಿದ್ದ ಗೋಡೆ ಆಚೇನೇ ಇಟ್ಟಿದ್ದೆ. ಸಂಜೆಗೆ ಬೇಕು, ಯಾರಿಗೂ ಕೊಡಬೇಡ ಅಂತ ಇವ್ರೇ ಹೇಳಿದ್ರು."

ಆಮೇಲೆ ನೋಡಿ, ನೊಣಕ್ಕೂ ಅಲುಗದ ಬೀಗರು ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದರು! ಸಾಹುಕಾರನಿಗೆ ಆ ಕಲ್ಲಿನ ಅಡಿಗೆ ಹೋಗಿ ಬಚ್ಚಿಟ್ಟುಕೊಳ್ಳೋಣ ಎನ್ನಿಸಿತು.

"ನಗಬೇಡಿ," ಎಂದು ಗುರುಗಳು ಕೈಯೆತ್ತಿದರು. "ಇವರ ಧ್ಯಾನ ಸುಳ್ಳಲ್ಲ. ಮನಸ್ಸು ಅಲುಗದೆ ಒಂದೇ ಕಡೆ ನಿಂತಿತ್ತು. ನಿಂತದ್ದು ಅಡುಗೆಮನೇಲಿ, ಅಷ್ಟೇ. ಯಜಮಾನ್ರೇ, ಅವತ್ತು ನೀವು ಬಿಟ್ಟುಹೋದ ಎರಡು ಮಾತು ಜಗಲಿ ಮೇಲೇ ಇವೆ. ತಗೊಂಡು ಹೋಗಿ."

ಆ ರಾತ್ರಿ ಪುಟ್ಟನಂಜಮ್ಮ ಬಡಿಸಲು ಬಗ್ಗಿದಾಗ ಸಾಹುಕಾರ ಎಲೆಗೆ ಕೈ ಅಡ್ಡ ಹಿಡಿದು, "ಸಾಕು ಕಣೇ," ಎಂದ. ಆಕೆಯ ಸೌಟು ಗಾಳಿಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಆ ಮಾತನ್ನು ಅವಳು ಕೇಳಿರಲಿಲ್ಲ.

ಬೆಳಗ್ಗೆ ದಿಂಬಿಲ್ಲದೆ ಕುಳಿತ. ಎದ್ದು ಬಂದಾಗ ಅವಳು ಮೆಲ್ಲಗೆ ಕೇಳಿದಳು, "ಏನಾದ್ರೂ ಕಾಣಿಸ್ತಾ?"

"ಏನೂ ಇಲ್ಲ ಕಣೇ," ಎಂದ ಸಾಹುಕಾರ. "ಹಾಯಾಗಿತ್ತು."

ಆ ಕಲ್ಲು? ಪುಟ್ಟನಂಜಮ್ಮ ಅಕ್ಷರ ಕೆಳಗಾಗುವಂತೆ ಮಗುಚಿ ಹಾಕಿಕೊಂಡು ಈಗ ಅದರ ಮೇಲೆ ಚಪಾತಿ ಲಟ್ಟಿಸುತ್ತಾಳೆ.

ಸಾಹುಕಾರನನ್ನು ನೋಡಿ ನಕ್ಕಿರಿ, ಸಂತೋಷ. ಈಗ ಹೇಳಿ, ಹಿಂದಿನ ಕೋಣೆಯಿಂದ ಒಗ್ಗರಣೆಯ ವಾಸನೆ ಬಂದ ಮೇಲೆ ನಿಮ್ಮಲ್ಲಿ ಎಷ್ಟು ಜನ ಇಲ್ಲಿದ್ದೀರಿ, ಎಷ್ಟು ಜನ ಆಗಲೇ ಪಂಕ್ತಿಯಲ್ಲಿ ಕುಳಿತಿದ್ದೀರಿ? ಶುಕ್ರವಾರ ಈರುಳ್ಳಿ ಬಿಟ್ಟೆ, ಸೋಮವಾರ ಅನ್ನ ಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತೀರಿ. ಬಿಟ್ಟ ಜಾಗಕ್ಕೆ ಏನನ್ನು ತುಂಬಿದಿರಿ? ಏನು ತಿಂದೆ ಎಂದು ಕೇಳಿಕೊಳ್ಳುತ್ತೀರಲ್ಲ, ಎಷ್ಟು ತಿಂದೆ ಎಂದೂ ಕೇಳಿಕೊಳ್ಳಿ. ಇನ್ನೊಂದು ತುತ್ತು ಹಿಡಿಸುತ್ತದೆ ಎನ್ನುವಾಗಲೇ ಏಳಿ. ಉಣ್ಣುವಾಗ ಮೊಬೈಲು ಬೇರೆ ಕೋಣೆಯಲ್ಲಿರಲಿ, ಉಂಡ ಕೂಡಲೇ ಜಪಕ್ಕೆ ಕೂರಬೇಡಿ. ಮನೆಯಲ್ಲಿ ಬಡಿಸುವ ಕೈಗೆ ದಿನಕ್ಕೊಮ್ಮೆಯಾದರೂ 'ಸಾಕು' ಎಂಬ ಮಾತು ಕೇಳಿಸಿ. ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಡಿ, ಬರುವವನು ಕೂರುವುದೆಲ್ಲಿ?

ಏಳಿ, ಪ್ರಸಾದಕ್ಕೆ ಹೊತ್ತಾಯಿತು. ಇವತ್ತು ವಡೆಯೂ ಇದೆಯಂತೆ.

ತಲೆಗೆ ಒಂದೇ!