ಸೆನೋಬಿಯಾಳ ಮನೆಯ ಬಾಲಯೇಸು ಕಳುವಾದದ್ದು

ಹಲೋ... ಹಲೋ, ಯಾರು ಮಾತಾಡ್ತಿರೋದು?...

ಉಸಿರು ಕೇಳಿಸ್ತಾ ಇದೆ, ಮಾತಿಲ್ಲ. ಇದು ಸೆನೋಬಿಯಾ ಮನೆ. ಆಲೂಗಡ್ಡೆ ಬೇಕಾದ್ರೆ ನನ್ನ ಮಗ ಎಲೀಸಿಯೋನ ಕೇಳಿ. ಬೇರೇನಾದ್ರೂ ಇದ್ರೆ ಬೇಗ ಹೇಳಿ, ನನ್ನ ತಲೆ ಸರಿ ಇಲ್ಲ. ನಮ್ಮನೇಲಿ ಕಳ್ಳತನ ಆಗಿದೆ...

ಏನು ಹೋಯ್ತು ಅಂತಾನಾ? ಕ್ರಿಸ್ಮಸ್‌ಗೆ ಜೋಡಿಸಿದ್ದ ಬೊಂಬೆ ಗೋದಲಿಯಿಂದ ಬಾಲಯೇಸುವೇ ಹೋಗಿದ್ದಾನೆ ಕಣ್ರೀ! ಜೋಸೆಫ್ ಇದ್ದಾನೆ, ಮರಿಯಮ್ಮ ಇದ್ದಾಳೆ, ಕತ್ತೆ ಕೂಡ ನಿಂತ ಹಾಗೇ ನಿಂತಿದೆ. ನಡುವೆ ಹುಲ್ಲಲ್ಲಿ ಬರೀ ಒಂದು ಗುಳಿ. ನಾನು ಬೆಳಗಿನ ಪೂಜೆ ಮುಗಿಸಿ ಬರೋಷ್ಟರಲ್ಲಿ... ನಗ್ತಿದ್ದೀರಾ? ಯಾರದು?...

ಹಾಂ. ಆ ನಗು ನಂಗೆ ಗೊತ್ತು. ಎರ್ಮೆಲಿಂದಾ! ನೀನಾ?...

ನನ್ನನ್ನ ಕೊಮಾದ್ರೆ ಅನ್ನಬೇಡ. ನನ್ನ ಮಗನ ಜ್ಞಾನಸ್ನಾನಕ್ಕೆ ನೀನು ಎರಡನೇ ತಾಯಿಯಾಗಿ ನಿಂತೋಳು, ಆ ನಂಟು ಬಿಡಿಸೋಕೆ ಬಿಷಪ್ಪರಿಗೂ ಆಗಲ್ಲ, ಒಪ್ಕೋತೀನಿ. ಆದ್ರೆ ಕ್ರಿಸ್ಮಸ್‌ನಿಂದ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೀನಿ. ಈಗಲೂ ಮಾತಾಡ್ತಾ ಇಲ್ಲ. ಬರೀ ಕೇಳ್ತಾ ಇದ್ದೀನಿ. ನನ್ನ ಬಾಲಯೇಸು ಎಲ್ಲಿ?...

ನಿನ್ನ ಅಡುಗೆಮನೇಲಾ? ಒಲೆ ಪಕ್ಕದಲ್ಲಾ? ಕಳ್ಳಿ!...

ಗೊತ್ತು, ಗೊತ್ತು, ನಂಗೆ ಪದ್ಧತಿ ಕಲಿಸೋಕೆ ಬರಬೇಡ. ಹೊಸವರ್ಷ ಕಳೆದ ಮೇಲೆ ಮಗುವನ್ನ ಎತ್ತಿ ನಿಲ್ಲಿಸಬೇಕು. ನಿಲ್ಲಿಸದೆ ಮಲಗಿಸೇ ಬಿಟ್ಟ ಮನೆಯಿಂದ ಯಾರು ಬೇಕಾದ್ರೂ ಕದೀಬಹುದು, ಪಾಪ ಬರಲ್ಲ. ಮನೆಯವರು ಹಾಡ್ಕೊಂಡು ಹೋಗಿ ಬಿಡಿಸ್ಕೊಂಡು ಬಂದು, ಊರಿಗೆಲ್ಲ ಉಣಿಸಬೇಕು. ಆದ್ರೆ ಇವತ್ತು ಮೇಣದಬತ್ತಿ ಹಬ್ಬ ಕಣೇ, ಇವತ್ತೇ ಕಡೇ ದಿನ! ಹೊತ್ತು ಮುಳುಗೋದ್ರೊಳಗೆ ಅವನು ಎದ್ದು ನಿಲ್ಲದೆ ಹೋದ್ರೆ ನಮ್ಮ ಮನೆ ಕತೆ ಏನು?...

ಯಾಕೆ ನಿಲ್ಲಿಸಲಿಲ್ಲ ಅಂದ್ರೆ... ಪುರುಸೊತ್ತಿರಲಿಲ್ಲ. ಬೆಳ್ಳುಳ್ಳಿ ಕೀಳೋದಿತ್ತು...

ಸುಳ್ಳಲ್ಲ!... ಸರಿ, ಅರ್ಧ ಸುಳ್ಳು. ನಿಲ್ಲಿಸೋಕೆ ಮುಂಚೆ ಮಗುವನ್ನ ವಸ್ತ್ರದಲ್ಲಿ ಮಲಗಿಸಿ ಊರು ಸುತ್ತಿಸೋಕೆ ನಾಲ್ಕು ಮೂಲೆ ಹಿಡಿಯೋರು ಬೇಕು, ಅಲ್ವಾ? ಒಂದು ಮೂಲೆ ಯಾವಾಗಲೂ ನಿಂದೇ. ನಿನ್ನ ಕರೆಯೋಕೆ ಬಾಯಿ ಬರಲಿಲ್ಲ, ಬೇರೆಯವರನ್ನ ಕರೆಯೋಕೆ ಮನಸ್ಸು ಬರಲಿಲ್ಲ. ಸಾಕಾ?...

ಏನಂದೆ? ನನ್ನ ಸಿಟ್ಟು ಅವನ ಎದೆ ಮೇಲೆ ಕೂತಿತ್ತು, ಹೇಗೆ ಏಳ್ತಾನೆ ಪಾಪ, ಅಂತಾನಾ?... ಹೂಂ. ಮಾತಲ್ಲಿ ನಿನ್ನ ಮೀರಿಸೋರಿಲ್ಲ.

ಫಾದರ್ ನಿಕಾನೋರ್ ಹತ್ರ ಪಾಪನಿವೇದನೆಗೆ ಹೋಗಿದ್ದೆ. ಸಿಟ್ಟು ಬಂದಾಗ ಪರಲೋಕ ಮಂತ್ರ ನಿಧಾನವಾಗಿ ಹೇಳ್ಕೋ ಅಂದ್ರು. ಹೇಳ್ಕೋತೀನಿ. ರೊಟ್ಟಿ ಕೇಳೋ ತನಕ ಜೇನಿನ ಹಾಗೆ ಹರಿಯುತ್ತೆ. ಅದರ ಮುಂದೆ ಬೇರೆಯವರ ತಪ್ಪನ್ನ ಕ್ಷಮಿಸೋ ಸಾಲು ಬರುತ್ತಲ್ಲ, ಅಲ್ಲಿ ನಂಗೆ ಕೆಮ್ಮು. ಕೆಮ್ಮಿ, ಆ ಸಾಲು ದಾಟಿ, ನೇರ ಆಮೆನ್...

ನಗು, ನಗು. ಅವರೂ ಹೀಗೇ ನಕ್ಕರು. ದೇವರಿಗೆ ನಿನ್ನ ಕೆಮ್ಮೂ ಅರ್ಥವಾಗುತ್ತೆ ಸೆನೋಬಿಯಾ, ಅಂದ್ರು.

ಆದ್ರೆ ಶುರು ಮಾಡಿದ್ದು ಯಾರು, ಹೇಳು? ಕ್ರಿಸ್ಮಸ್ ಊಟಕ್ಕೆ ಅಂತ ದಿನಗಟ್ಟಲೆ ಕೂತು, ಜೋಳದ ಹಿಟ್ಟಲ್ಲಿ ಮಾಂಸ ತುಂಬಿ ಹಯಾಕ ಕಟ್ಟಿ ಬೇಯಿಸಿದ್ದೆ. ನೀನು ಬಾಳೆಎಲೆ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ಫಾದರ್ ಎದುರಿಗೆ, ನನ್ನ ಬೀಗರ ಎದುರಿಗೆ, ಉಪ್ಪು ಬೆತ್ಲೆಹೇಮಿನಲ್ಲೇ ಉಳ್ಕೊಂಡ್ತಾ ಅಂದೆ!...

ಹಾಂ... ಅದು ನಿಜ. ಉಪ್ಪು ಹಾಕೋದು ಮರೆತಿದ್ದೆ. ಆಮೇಲೆ ತಿಂದು ನೋಡಿದೆ...

ನಾನು ಏನಂದೆ ಅಂತಾನಾ?... ನೆನಪಿಲ್ಲ...

ನೆನಪಿದೆ.

ಬೇಡ, ನೀನು ಹೇಳಬೇಡ. ನಿನ್ನ ಬಾಯಲ್ಲಿ ಅದನ್ನ ಕೇಳೋಕಾಗಲ್ಲ. ಒಬ್ಬಳಿಗೇ ಬೇಯಿಸ್ಕೊಂಡು ತಿನ್ನೋಳಿಗೆ ಉಪ್ಪಿನ ಮಾತೇನು ಅಂದೆ. ಊಟಕ್ಕೆ ಕೂತೋರೆಲ್ಲ ಚಮಚ ಕೆಳಗಿಟ್ಟರು. ನಿನ್ನ ಗಂಡ ತೀರಿಕೊಂಡ ಮೇಲೆ ನಿಂಗದು ಮೊದಲನೇ ಕ್ರಿಸ್ಮಸ್...

ಎರ್ಮೆಲಿಂದಾ?... ಅಳ್ತಾ ಇದ್ದೀಯಾ?...

ಈರುಳ್ಳಿನಾ? ಈಗ ಯಾಕೆ ಈರುಳ್ಳಿ ಹೆಚ್ಚೋದು?... ನಮ್ಮನೆ ಊಟಕ್ಕಾ! ಕದ್ದೋಳೇ ಅಡುಗೆನೂ ಮಾಡ್ತಾಳಾ? ಯಾವ ಊರಿನ ಪದ್ಧತಿ ಅದು?... ಹಾಂ, ಉಪ್ಪು ನೀನೇ ಹಾಕು ತಾಯಿ, ನಾನು ಡಬ್ಬಿ ಮುಟ್ಟಲ್ಲ.

ಏನು? ಅವನಿಗೆ ಉಣ್ಣೆ ಟೋಪಿ ಹೆಣೆದಿದ್ದೀಯಾ? ಅಂಗೈಯಷ್ಟು ಮಗುವಿಗೆ?... ಹೌದು, ಬೆಟ್ಟದ ಗಾಳಿ ಈ ವರ್ಷ ಬಲು ಕೆಟ್ಟದು. ಯಾವ ಬಣ್ಣ?... ಒಳ್ಳೇದು. ಮರಿಯಮ್ಮನಿಗೆ ಹಿಡಿಸುತ್ತೆ.

ಕೇಳು. ಎಲೀಸಿಯೋ ಹೊಲದಿಂದ ಬಂದ ಕೂಡಲೇ ಪಿಟೀಲಿನವರನ್ನ ಕರೆಸ್ತೀನಿ. ಬಿಸಿಲಿರೋವಾಗ್ಲೇ ನಿನ್ನ ಬಾಗಿಲಿಗೆ ಬರ್ತೀವಿ... ಹಾಡ್ತೀನಿ, ನಾನೇ ಮೊದಲು ಹಾಡ್ತೀನಿ. ಕಾಗೆ ಅನ್ನು, ಏನಾದ್ರೂ ಅನ್ನು...

ತಡಿ, ಇಡಬೇಡ. ಇನ್ನೊಂದು ಮಾತಿದೆ. ಕೂತ್ಕೋತೀನಿ ಇರು...

ತಪ್ಪು ನಂದು. ಉಪ್ಪಿನ ತಪ್ಪು ಹೋಗಲಿ, ಆ ಮಾತಿನ ತಪ್ಪು. ನಿನ್ನ ನೋವು ಗೊತ್ತಿದ್ದೂ ಅಲ್ಲೇ ಚುಚ್ಚಿದೆ. ಕೊಮಾದ್ರೆ, ನನ್ನನ್ನ ಕ್ಷಮಿಸ್ತೀಯಾ?...

ಹಲೋ?... ಎರ್ಮೆಲಿಂದಾ?... ಎಲ್ಲೀ ತನಕ ಕೇಳಿಸ್ತು ನಿಂಗೆ?... ಹಲೋ?...

ಅಯ್ಯೋ ನನ್ನ ಯೇಸುವೇ, ಲೈನು ಕಟ್ಟಾಗಿದೆ, ಇನ್ನೊಂದ್ಸಲ ಹೇಳಬೇಕಾ! ಪಿಟೀಲು ಆಮೇಲೆ ಬರಲಿ. ನನ್ನ ಶಾಲು ಎಲ್ಲಿ? ಈಗಲೇ ಓಡ್ತೀನಿ, ಬಾಯಿಗೆ ಬಂದಿರೋದು ಮತ್ತೆ ಒಳಗೆ ಹೋಗೋಕೆ ಮುಂ—