ಭೂತಕ್ಕಿಕ್ಕಿದ ಎಡೆ

ಒಂದೂರಿನಲ್ಲಿ ಒಬ್ಬ ದೊಡ್ಡ ಕುಳ ಇದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ಅದು ಅವನ ಕಥೆ ಅಂತ ನೀವು ಆರಾಮಾಗಿ ಕುಳಿತುಬಿಡುತ್ತೀರಿ. ಹೊಲ ಇತ್ತು, ಎತ್ತು ಇತ್ತು, ರಟ್ಟೆಯಲ್ಲಿ ಬಲ ಇತ್ತು. ಸಾವು ಅಂದರೆ ಮಾತ್ರ ಎಲ್ಲಿಲ್ಲದ ಅಂಜಿಕೆ. ಗೋಡೆಯಾಚೆಯ ಮನೆಯಲ್ಲಿ ಒಡಹುಟ್ಟಿದ ಅಣ್ಣ ಹಾಸಿಗೆ ಹಿಡಿದ. ತಮ್ಮನನ್ನು ನೋಡಬೇಕು ಅಂತ ಮೂರು ಸಲ ಹೇಳಿ ಕಳಿಸಿದ. ಇವನು ಹೋದನೇ? ಹೋಗಲಿಲ್ಲ. ಅಣ್ಣ ತೀರಿಕೊಂಡ.

ಅವತ್ತಿನಿಂದ ನೋಡಿ, ಬಾಗಿಲು ಕಿರ್ ಅಂದರೆ ಅಣ್ಣ ಬಂದ, ಬೆಕ್ಕು ಪಾತ್ರೆ ಉರುಳಿಸಿದರೆ ಅಣ್ಣ ಬಂದ. ಉಣ್ಣಲು ಕುಳಿತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ.

ಮನೆಯಲ್ಲಿ ಅಜ್ಜನ ಕಾಲದ ಕೈಬರಹದ ಪುಸ್ತಕ ಒಂದಿತ್ತು. ಅದರಲ್ಲಿ ಒಂದು ಸಾಲು: 'ಭೂತಕ್ಕಿಕ್ಕಿ ಉಂಬವಂಗೆ ಭೂತದಂಜಿಕೆಯಿಲ್ಲ, ಸಾವಿನಂಜಿಕೆಯಿಲ್ಲ.' ಇಕ್ಕುವುದು ಅಂದರೆ ಬಡಿಸುವುದು, ಅಷ್ಟು ಅವನಿಗೆ ಗೊತ್ತು. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಹೋಳಿಗೆ ಮಾಡಿಸಿ, ಊರಾಚೆಯ ಬೇವಿನ ಮರದ ಕೆಳಗೆ ದೆವ್ವಕ್ಕೆ ಎಡೆ ಇಟ್ಟು, ಹಿಂದೆ ತಿರುಗದೆ ಬರುತ್ತಿದ್ದ. ನಾಯಿಗಳು ಉಂಡವು. ಅಂಜಿಕೆ ಹೋಯಿತೇ? ಹೋಗಲಿಲ್ಲ. ತುಪ್ಪ ಕಡಿಮೆಯಾಯಿತೇನೋ ಅಂತ ತುಪ್ಪ ಹೆಚ್ಚು ಹಾಕಿಸಿದ. ನಗಬೇಡಿ. ಅರ್ಥ ತಪ್ಪಿದಾಗ ನಾವೆಲ್ಲ ತುಪ್ಪವನ್ನೇ ಹೆಚ್ಚು ಮಾಡುವುದು.

ಕೊನೆಗೆ ಊರಿನ ಹಳೆಯ ಮಾಸ್ತರರ ಹತ್ತಿರ ಪುಸ್ತಕ ಒಯ್ದ. ಓದಿ ಅವರು ಕೇಳಿದರು, "ಭೂತದಯೆ ಅಂತಾರಲ್ರೀ ಯಜಮಾನ್ರ, ಅಂದ್ರ ದೆವ್ವಕ್ಕ ದಯಾ ತೋರಸೂದೇನು?"

ಇವನು ಬಗ್ಗಿ ಆ ಸಾಲನ್ನು ಮತ್ತೆ ಓದಿಕೊಂಡ. ಮಾಸ್ತರರೇ ಬಿಡಿಸಿ ಹೇಳಿದರು,

"ಈ ಸಾಲಿನಾಗ ಮೊದಲನೇ ಭೂತ ಅಂದ್ರ ಜೀವಾ. ಉಸಿರಾಡೂ ಜೀವಾ. ಎರಡನೇದು ನಿಮ್ಮ ದೆವ್ವ. ನಾಯಿಗಿ ಉಣಿಸೀರಿ, ಅದೂ ಜೀವಾನ, ಚಲೋ ಆತು. ಆದ್ರ ನಿಮಗ ಅಂಜಿಕಿ ನಾಯೀದಲ್ಲ. ಯಾವ ಮನಿಗಿ ಹೋಗಾಕ ಅಂಜೀರಿ, ಆ ಮನ್ಯಾಗಿನ ಜೀವಕ್ಕ ಇಕ್ಕಿ ಜೋಡಿ ಕುಂತು ಉಣ್ರಿ."

ಯಾರ ಮನೆ ಅಂತ ಮಾಸ್ತರರು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಅಣ್ಣನ ಹೆಂಡತಿ ಮೂರು ವರ್ಷದಿಂದ ಆ ಗೋಡೆಯಾಚೆ ಒಬ್ಬಳೇ ಉಣ್ಣುತ್ತಿದ್ದಳು. ಮುಂದಿನ ಅಮಾವಾಸ್ಯೆಗೆ ಅದೇ ಹೋಳಿಗೆ ಹಿಡಿದು ಅವಳ ಹೊಸ್ತಿಲಿಗೆ ಹೋದ. ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ, ಚಾಪೆ ಹಾಸಿದಳು. ಇಬ್ಬರೂ ಉಣ್ಣಲು ಕುಳಿತರು.

"ನಿಮ್ಮಣ್ಣ ಹೋಗೂ ಮುಂದ ಒಂದ ಮಾತು ಹೇಳಿದ್ರು," ಅಂದಳು. "ತಮ್ಮಗ ಬೈಬ್ಯಾಡ, ಅವ ಸಣ್ಣಾಂವ ಇದ್ದಾಗಿಂದ ಅಂಜಬುರಕ, ನನಗ ಅವನ ಮ್ಯಾಲ ಸಿಟ್ಟಿಲ್ಲ ಅಂತ. ನಿಮಗ ಹೇಳಬೇಕಂತ ಕಾದೆ. ನೀವ ಬರಲಿಲ್ಲ."

ಕೇಳಿದಿರಾ? ಇವನು ಮೂರು ವರ್ಷ ಅಂಜಿದ್ದು ಯಾರಿಗೆ? ಸಿಟ್ಟೇ ಇಲ್ಲದ ಅಣ್ಣನಿಗೆ! ಆ ದಿನ ಅವನು ತಾಟಿನ ಮುಂದೆ ಕುಳಿತು ಮನಸಾರೆ ಅತ್ತ, ಅತ್ತು ಹೊಟ್ಟೆ ತುಂಬ ಉಂಡ.

ತಾಯಂದಿರೇ, ಅಣ್ಣಂದಿರೇ, ಸತ್ತವರು ನಮ್ಮನ್ನು ಕಾಡುವುದಿಲ್ಲ. ನಾವು ಹೋಗದೆ ಬಿಟ್ಟ ಮನೆ ಕಾಡುತ್ತದೆ. ಈಗ ನಿಮ್ಮ ಕಣ್ಣ ಮುಂದೆ ಒಂದು ಬಾಗಿಲು ಬಂತಲ್ಲ, ಅದೇ. ಯಾರೋ ಹಾಸಿಗೆ ಹಿಡಿದಿದ್ದಾರೆ, ಯಾರೋ ಗಂಡನನ್ನು ಕಳೆದುಕೊಂಡಿದ್ದಾರೆ, ಏನು ಮಾತಾಡಲಿ ಅಂತ ನೀವು ಓಣಿ ಬದಲಿಸಿ ಹೋಗುತ್ತಿದ್ದೀರಿ. ಮಾತು ಯಾರು ಕೇಳಿದರು? ನಾಳೆ ರೊಟ್ಟಿ ಬಡಿಯುವಾಗ ಎರಡು ಹೆಚ್ಚು ಬಡಿಯಿರಿ. ಕಟ್ಟಿಕೊಂಡು ಹೋಗಿ, ಕೊಟ್ಟು ಓಡಿ ಬರಬೇಡಿ, ಅವರ ಜೊತೆ ಕುಳಿತು ಉಂಡು ಬನ್ನಿ.