ಹದಿನಾಲ್ಕು ಹಂಪುಗಳು, ಒಂದು ನಗು

ವೇದಿಕೆಯ ಎತ್ತರದ ಕುರ್ಚಿಯನ್ನು ಅಲಂಕರಿಸಿರುವ ಅಧ್ಯಕ್ಷರೂ ನಮ್ಮ ಡಿಪೋದ ಮ್ಯಾನೇಜರೂ ಆದ ಸಾಹೇಬರೇ, ಮುಖ್ಯ ಅತಿಥಿಗಳೂ ನನ್ನ ಬಸ್ಸಿನ ಹಳೆಯ ಪ್ರಯಾಣಿಕರೂ ಆದ ಫಿಸಿಯೋಥೆರಪಿ ಡಾಕ್ಟರಮ್ಮನವರೇ, ಮೂವತ್ತು ವರ್ಷ ನನ್ನನ್ನು ಸಹಿಸಿಕೊಂಡ ಡ್ರೈವರುಗಳೇ, ಕಂಡಕ್ಟರುಗಳೇ, ಮೆಕ್ಯಾನಿಕ್ಕುಗಳೇ, ಹಿಂದಿನಿಂದ ಊಟದ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಧೈರ್ಯವಂತ ಸಭಿಕರೇ, ತಮಗೆಲ್ಲ ನನ್ನ ವಂದನೆಗಳು.

ಇದು ಕಂಡಕ್ಟರ್ ಕೆಲಸದಿಂದ ನನ್ನ ಬೀಳ್ಕೊಡುಗೆ ಸಮಾರಂಭ. ಸಾಹೇಬರು ಮೊದಲೇ ಹೇಳಿದ್ದರು: "ಅಳಬೇಡಿ, ಅಳ್ಸಬೇಡಿ. ಆರೋಗ್ಯದ ಬಗ್ಗೆ ಐದು ನಿಮಿಷ ಮಾತಾಡಿ, ಹೆಂಗಸರಿಗೆ ಉಪಯೋಗ ಆಗುತ್ತೆ." ಕಚೇರಿಯವರು ಒಂದು ಕಾಗದವನ್ನೂ ಬರೆದುಕೊಟ್ಟಿದ್ದಾರೆ. ತಲೆಬರಹ, "ದಿನನಿತ್ಯದ ಬದುಕಿನಲ್ಲಿ ದೇಹದ ಆರೈಕೆ." ಮೊದಲನೆಯ ಸಾಲು, "ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ."

ಸಾಹೇಬರೇ, ಇದನ್ನು ಬರೆದ ಮಹಾನುಭಾವರು ಯಾರು? ಅವರನ್ನು ಒಂದೇ ಒಂದು ದಿನ ನಮ್ಮ ಹನ್ನೊಂದನೇ ನಂಬರ್ ಬಸ್ಸಿಗೆ ಹತ್ತಿಸಿ. ಮೂರು ಲೀಟರ್ ಕುಡಿಸಿಯೇ ಹತ್ತಿಸಿ. ನಲವತ್ತೆರಡು ಸ್ಟಾಪು, ಒಂದೂವರೆ ಗಂಟೆ. ಕೊನೆಯ ಸ್ಟಾಪಿನಲ್ಲಿ ಒಂದು ಮರ, ಒಂದು ಬೆಂಚು. ಮರ ಗಂಡಸರಿಗೆ, ಬೆಂಚು ನಮಗೆ. ನಾವು ಬೆಂಚಿನ ಮೇಲೆ ಕೂತು ಮರವನ್ನು ನೋಡದ ಹಾಗೆ ನೋಡುತ್ತಾ ಮೂವತ್ತು ವರ್ಷ ಕಳೆದಿದ್ದೇವೆ. ಈ ಕಾಗದವನ್ನು ಮಡಿಸಿ ಇಡುತ್ತೇನೆ, ತಪ್ಪು ತಿಳಿಯಬೇಡಿ.

ನೀವೆಲ್ಲ ಸೇರಿ ನನಗೊಂದು ಹೆಸರು ಇಟ್ಟಿದ್ದೀರಿ. ಗಂಟುಮೋರೆ ಅಕ್ಕ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಿರಾ? ಒಂದು ಸಲ ಡ್ಯೂಟಿ ಪಟ್ಟಿಯಲ್ಲೇ ಆ ಹೆಸರು ಟೈಪಾಗಿ ಬಂದಿತ್ತು. ನಾನು ಸುಮ್ಮನೆ ಅದರ ಮುಂದೆ ಸಹಿ ಹಾಕಿ ಬಸ್ಸು ಹತ್ತಿದೆ. ಕ್ಯಾಂಟೀನಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ನಾನೊಬ್ಬಳು ಗೋಡೆ ನೋಡುತ್ತಾ ಕೂರುತ್ತಿದ್ದೆ. ಅಕ್ಕನಿಗೆ ಸೊಕ್ಕು ಅಂದಿರಿ. ಅಕ್ಕನಿಗೆ ಮನೆಯಲ್ಲಿ ಏನೋ ಕಷ್ಟ ಅಂದಿರಿ. ಅಕ್ಕ ಹುಟ್ಟಿದಾಗಲೂ ಸಿಡುಕಿಕೊಂಡೇ ಹುಟ್ಟಿದ್ದಳು ಅಂದವರು ಎರಡನೇ ಸಾಲಿನಲ್ಲಿದ್ದಾರೆ, ಈಗ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾರೆ.

ನಿಜ ಹೇಳುತ್ತೇನೆ. ನನಗೆ ನಿಮ್ಮೆಲ್ಲರಿಗಿಂತ ಹೆಚ್ಚು ನಗು ಬರುತ್ತಿತ್ತು. ಆದರೆ ನಗುವ ಹಾಗಿರಲಿಲ್ಲ. ಎರಡನೇ ಹೆರಿಗೆಯಾದ ಮೇಲೆ ನನಗೆ ಮೂತ್ರ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ನಕ್ಕರೆ, ಕೆಮ್ಮಿದರೆ, ಸೀನಿದರೆ ಜಾರಿಬಿಡುತ್ತಿತ್ತು. ಹೇಳಿಬಿಟ್ಟೆ ನೋಡಿ. ಮೈಕು ಸರಿಯಾಗಿದೆ ತಾನೆ? ಹಿಂದಿನವರಿಗೂ ಕೇಳಿಸಿತೇ?

ಕೇಳಿಸಿದ್ದರೆ ಇನ್ನಷ್ಟು ಕೇಳಿ. ನಮ್ಮ ದಾರಿಯಲ್ಲಿ ಹದಿನಾಲ್ಕು ಹಂಪುಗಳಿವೆ. ಶಾಲೆಯ ಮುಂದೆ ಎರಡು, ಮಾರ್ಕೆಟ್ಟಿನ ಹತ್ತಿರ ನಾಲ್ಕು, ಆಸ್ಪತ್ರೆಯ ಮುಂದೆ ಮೂರು. ರೋಗಿಗಳನ್ನು ಚೆನ್ನಾಗಿ ಅಲುಗಾಡಿಸಿಯೇ ಒಳಗೆ ಕಳಿಸಬೇಕೆಂದು ಯಾರು ಯೋಚಿಸಿದರೋ ಕಾಣೆ. ಉಳಿದ ಐದು ಹಂಪುಗಳು ಯಾವ ಕಾರಣವೂ ಇಲ್ಲದೆ ಇವೆ. ಪ್ರತಿ ಹಂಪಿಗೂ ಮೊದಲು ನಾನು ಕಂಬ ಹಿಡಿದು, ಕಾಲಿಗೆ ಕಾಲು ಹೆಣೆದು, ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಪ್ರಯಾಣಿಕರು ನನ್ನ ಗಾಂಭೀರ್ಯ ನೋಡಿ ಸರಿಯಾದ ಚಿಲ್ಲರೆ ಕೊಡುತ್ತಿದ್ದರು. ನನಗೆ ಸಿಕ್ಕ ಒಂದೇ ಲಾಭ ಅದು.

ಮೂರನೇ ಸಾಲಿನಲ್ಲಿ, ಫ್ಯಾನಿನ ಕೆಳಗೆ, ನಮ್ಮ ಯಜಮಾನರು ಕೂತಿದ್ದಾರೆ. ಕ್ಷೌರದ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಕತ್ತರಿಗಿಂತ ಬಾಯಿ ಚುರುಕು. ಅವರ ಮಾತು ಕೇಳುತ್ತಾ ಕೂತು ಎಷ್ಟೋ ಜನ ಬಸ್ಸು ತಪ್ಪಿಸಿಕೊಂಡಿದ್ದಾರೆ, ನಮ್ಮ ಬಸ್ಸನ್ನೇ. ನಾನು ಅವರನ್ನು ಮದುವೆಯಾದದ್ದೂ ಆ ಬಾಯಿಗೆ ಮರುಳಾಗಿಯೇ, ಬೇರೆ ಏನಿತ್ತು ಅಂತ.

ಹನ್ನೊಂದು ವರ್ಷದ ಹಿಂದೆ ನಾದಿನಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಹೊಸ ಸೋಫಾ, ತಿಳಿ ಹಳದಿ ಬಣ್ಣ. ಯಜಮಾನರು ಅಂಗಡಿಗೆ ಬರುವ ಒಬ್ಬ ಬೋಳುತಲೆಯ ಗಿರಾಕಿಯ ಕಥೆ ತೆಗೆದರು. ತಲೆಯ ಮೇಲೆ ಒಂದು ಕೂದಲೂ ಇಲ್ಲ, ಆದರೂ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾನೆ. "ಮೇಲೆ ಸ್ವಲ್ಪ ಬಿಡಿ, ಸೈಡಲ್ಲಿ ಸಣ್ಣ ಮಾಡಿ" ಅನ್ನುತ್ತಾನೆ. ಇವರು ಅರ್ಧ ಗಂಟೆ ಗಾಳಿಯಲ್ಲಿ ಕತ್ತರಿ ಆಡಿಸುತ್ತಾರೆ. ಕೊನೆಗೆ ಹಿಂದಿನಿಂದ ಕೈಗನ್ನಡಿ ಹಿಡಿದು ತೋರಿಸುತ್ತಾರೆ. ಅವನು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ...

ಅಷ್ಟರಲ್ಲಿ ನಾನು ನಕ್ಕುಬಿಟ್ಟೆ. ಒಂದು ಕ್ಷಣ ಮಾತ್ರ. ಸೋಫಾದ ಗತಿ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋರೆ ಗಂಟು ಹಾಕಿಕೊಂಡು ಎದ್ದೆ, ಒಂದು ದಿಂಬನ್ನು ಹಿಂದೆ ಹಿಡಿದುಕೊಂಡೆ, ಯಾರಿಗೂ ಹೇಳದೆ ಹೊರಟುಹೋದೆ. ಅಲ್ಲಿ ಯಜಮಾನರ ಪಕ್ಕದಲ್ಲೇ ಕೂತಿರುವ ನಾದಿನಿ ಹನ್ನೊಂದು ವರ್ಷದಿಂದ ಆ ದಿಂಬು ಹುಡುಕುತ್ತಿದ್ದಾಳೆ. ಅದು ನಮ್ಮ ಬೀರುವಿನ ಮೇಲಿದೆ, ತಾಯಿ, ಒಗೆದಿಟ್ಟಿದ್ದೇನೆ.

ಮನೆಗೆ ಬಂದ ಮೇಲೆ ಯಜಮಾನರು ಹೇಳಿದ್ದು ಇಷ್ಟೇ: "ನಿನಗೆ ನನ್ನ ತಮಾಷೆ ಇಷ್ಟು ಹೇಸಿಗೆ ಅಂತ ಗೊತ್ತಿರ್ಲಿಲ್ಲ. ಇನ್ಮೇಲೆ ಹೇಳಲ್ಲ ಬಿಡು." ನಾನು ಏನಾದರೂ ಹೇಳಬಹುದಿತ್ತು. ನಾಚಿಕೆ ಬಾಯಿ ಕಟ್ಟಿತು. ಅವರು ಮಾತಿಗೆ ತಪ್ಪುವವರಲ್ಲ. ಅಂಗಡಿಯಲ್ಲಿ ಊರನ್ನೇ ನಗಿಸುತ್ತಾರೆ, ಮನೆಗೆ ಬಂದರೆ ಹನ್ನೊಂದು ವರ್ಷದಿಂದ ಒಂದೇ ಪ್ರಶ್ನೆ: "ನಲ್ಲಿ ಸರಿಯಾಗಿ ನಿಲ್ಸಿದ್ಯಾ?" ಪಾಪ, ಅಡುಗೆಮನೆಯ ನಲ್ಲಿಯ ಬಗ್ಗೆ ಕೇಳುತ್ತಾರೆ. ನನಗೆ ಮಾತ್ರ ಮೈಯೆಲ್ಲ ಬೆವರುತ್ತಿತ್ತು. ಸೋಫಾ ಕಥೆಯ ನಿಜವನ್ನು ಅವರು ಈಗ, ನಿಮ್ಮ ಜೊತೆಯಲ್ಲೇ, ಮೊದಲ ಸಲ ಕೇಳುತ್ತಿದ್ದಾರೆ. ರೀ, ಕೆಳಗೆ ನೋಡಬೇಡಿ. ಇನ್ನೂ ಮುಗಿದಿಲ್ಲ.

ಹೋದ ವರ್ಷ ಈ ಡಾಕ್ಟರಮ್ಮ ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವ ಮೊದಲು ನನ್ನ ಕಿವಿಯ ಹತ್ತಿರ ಬಂದರು. "ಅಕ್ಕಾ, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಹಂಪ್ ಬರೋಕೆ ಮುಂಚೆ ಕಾಲು ಹೆಣ್ಕೋತೀರಲ್ಲ, ಎಷ್ಟು ವರ್ಷದಿಂದ?" ನಾನು "ಟಿಕೆಟ್ ತೋರ್ಸಿ" ಅಂದೆ. "ಪಾಸ್ ಇದೆ ಅಕ್ಕಾ" ಅಂದರು. ನಾನು "ಇಪ್ಪತ್ತಾರು ವರ್ಷದಿಂದ" ಅಂದೆ. ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದನ್ನು ಫುಟ್‌ಬೋರ್ಡಿನ ಮೇಲೆ ನಿಂತು ಹೇಳಿದೆ. "ಇದು ನಿಮ್ಮ ತಪ್ಪಲ್ಲ ಅಕ್ಕಾ, ಸ್ನಾಯು ಸೋತಿದೆ ಅಷ್ಟೆ, ಎಬ್ಬಿಸೋಣ" ಅಂದರು. ಆ ದಿನ ಹತ್ತನೇ ಹಂಪಿನವರೆಗೂ ಕಣ್ಣೊರೆಸಿಕೊಂಡೇ ಟಿಕೆಟ್ ಕೊಟ್ಟೆ.

ಮೊದಲ ಪಾಠದ ದಿನ ಅವರು, "ಮೊದಲು ನಿಮ್ಮನ್ನ ನೀವು ನೋಡ್ಕೊಳ್ಳಿ, ಒಂದು ಸಣ್ಣ ಕನ್ನಡಿ ಇಟ್ಕೊಂಡು" ಅಂದರು. ನಲವತ್ತೆರಡು ಸ್ಟಾಪನ್ನು ನಿದ್ದೆಯಲ್ಲೂ ಹೇಳುವವಳಿಗೆ ತನ್ನ ಮೈಯ ಗುರುತೇ ಇರಲಿಲ್ಲ. ರೀ, ಹೋದ ವರ್ಷ ಅಂಗಡಿಯ ಕೈಗನ್ನಡಿ ಮೂರು ದಿನ ಕಾಣೆಯಾಗಿ, ನೀವು ಪಕ್ಕದ ಅಂಗಡಿಯವನ ಮೇಲೆ ಹಾರಾಡಿದಿರಲ್ಲ? ಆ ಬಡಪಾಯಿಯ ಹತ್ತಿರ ಕ್ಷಮೆ ಕೇಳಿ. ಕನ್ನಡಿಯನ್ನು ಬಿಸಿನೀರಿನಲ್ಲಿ ತೊಳೆದೇ ವಾಪಸ್ ಇಟ್ಟಿದ್ದೇನೆ, ಗಿರಾಕಿಗಳು ಗಾಬರಿಯಾಗಬೇಕಾಗಿಲ್ಲ. ಜನಕ್ಕೆ ಅವರ ಕಣ್ಣಿಗೆ ಕಾಣದ ಭಾಗವನ್ನು ತೋರಿಸುವುದೇ ನಿಮ್ಮ ಕಸುಬಲ್ಲವೇ? ಮನೆಯವಳಿಗೂ ಒಮ್ಮೆ ತೋರಿಸಿದಿರಿ ಅಂದುಕೊಳ್ಳಿ.

ಆಮೇಲೆ ವ್ಯಾಯಾಮ. ಕೆಳಹೊಟ್ಟೆಯ ತಳದಲ್ಲಿ ಒಂದು ಸ್ನಾಯು ಇದೆ. ಅದನ್ನು ಮೆಲ್ಲಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು, ಐದು ಎಣಿಸಬೇಕು, ಬಿಡಬೇಕು. ನಾನು ಒಂದು ತಿಂಗಳು ಬರೀ ಎಳೆದೆ, ಬಿಡಲೇ ಇಲ್ಲ. ಡಾಕ್ಟರಮ್ಮ ಬೈದರು: "ಬಿಡೋದೂ ಕಲೀಬೇಕು ಅಕ್ಕಾ! ಅರ್ಧ ಕೆಲಸ ಅದೇ." ಇಪ್ಪತ್ತಾರು ವರ್ಷ ಹಿಡಿದುಕೊಂಡು ನಿಂತವಳಿಗೆ ಬಿಡುವುದು ಅಷ್ಟು ಸುಲಭವೇ? ಸ್ನಾನ ಮಾಡುವಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರು ಎಳೆದು ಬಿಟ್ಟು, ಹೇಗಿದ್ದೀಯಮ್ಮಾ ಅಂತ ನನ್ನ ಮೈಯನ್ನು ನಾನೇ ವಿಚಾರಿಸಿಕೊಳ್ಳಲು ಕಲಿತೆ. ಊರವರ ಯೋಗಕ್ಷೇಮವನ್ನೆಲ್ಲ ಕೇಳುತ್ತೇವೆ, ಜೊತೆಯಲ್ಲೇ ಇರುವ ಇದನ್ನು ಯಾರು ಕೇಳುತ್ತಾರೆ?

ಹೆಣ್ಣುಮಕ್ಕಳೇ, ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಎಡಗಡೆಯ ಸಾಲಿನವರು ಆಗಲೇ ಶುರು ಮಾಡಿದ್ದಾರೆ, ಹುಬ್ಬು ಏರಿಸಬೇಡಿ, ಹುಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಸಾಹೇಬರೇ, ಗಂಡಸರಿಗೂ ಆ ಸ್ನಾಯು ಇದೆಯಂತೆ, ನೀವೂ ಮಾಡಿ. ಇದರಿಂದ ಇನ್ನೊಂದು ಪ್ರಯೋಜನವಿದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದು ಈ ಸಭೆಗೆ ಬೇಡ, ಯಜಮಾನರಿಗೆ ಮನೆಯಲ್ಲಿ ಹೇಳುತ್ತೇನೆ. ಆದರೆ ಸಾಹೇಬರೇ, ವ್ಯಾಯಾಮ ಕಲಿತರು ಅಂತ ಕೊನೆಯ ಸ್ಟಾಪಿನ ವಿಷಯ ಮರೆಯಬೇಡಿ. ಅಲ್ಲೊಂದು ಶೌಚಾಲಯ ಕಟ್ಟಿಸಿ. ಬಾಗಿಲಿರಲಿ, ಚಿಲಕ ಒಳಗಡೆ ಇರಲಿ.

ಎಂಟು ತಿಂಗಳಾಯಿತು. ಹೋದ ವಾರ ಹದಿನಾಲ್ಕು ಹಂಪುಗಳನ್ನೂ ಕಾಲು ಹೆಣೆಯದೆ ದಾಟಿದೆ. ಸೀನಿ ನೋಡಿದೆ, ಕೆಮ್ಮಿ ನೋಡಿದೆ. ನಗುವುದೊಂದು ಬಾಕಿ ಇದೆ. ಬೇರೆಯವರ ತಮಾಷೆಗೆ ಮೊದಲ ನಗು ಖರ್ಚು ಮಾಡಲು ಮನಸ್ಸು ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ರೀ. ಆ ಬೋಳುತಲೆಯವನು ಕನ್ನಡಿ ನೋಡಿ ಏನಂದ? ಹನ್ನೊಂದು ವರ್ಷದಿಂದ ನನಗೆ ಗೊತ್ತಿಲ್ಲ. ಎದ್ದು ನಿಲ್ಲಿ. ನಿಂತ್ಕೊಳ್ರೀ, ಸಂಕೋಚ ಎಲ್ಲ ನಾನೇ ಪಟ್ಟು ಮುಗಿಸಿದ್ದೇನೆ. ಜೋರಾಗಿ ಹೇಳಿ. ಏನು? "ಹಿಂದುಗಡೆ ಸ್ವಲ್ಪ ಜಾಸ್ತಿ ತೆಗೆದುಬಿಟ್ರಿ" ಅಂದನೇ! ಅಯ್ಯೋ ದೇವರೇ... ಅದಕ್ಕೆ ನೀವು? "ಹದಿನೈದು ದಿನಕ್ಕೆ ಬಂದ್ಬಿಡುತ್ತೆ ಸಾರ್"... ಅವನು? ಏನು? "ಹೋದ ಸಲಾನೂ ಹೀಗೇ ಅಂದಿದ್ರಿ"!

ಅಯ್ಯಯ್ಯೋ... ತಾಳಿ... ಸಾಹೇಬರೇ, ಒಂದು ನಿಮಿಷ... ಮೈಕ್ ಹಿಡ್ಕೊಳ್ಳಿ ಯಾರಾದ್ರೂ... ಹೋದ ಸಲಾನೂ ಹೀಗೇ ಅಂದಿದ್ರಂತೆ!

ಕ್ಷಮಿಸಿ. ಡಾಕ್ಟರಮ್ಮ, ಹಾಗೆ ಗಾಬರಿಯಿಂದ ನೋಡಬೇಡಿ. ನೀರು ಬಂದಿರುವುದು ಕಣ್ಣಲ್ಲಿ ಮಾತ್ರ. ರೀ, ನಿಮಗೂ ಬಂದಿದೆ, ಒರೆಸಿಕೊಳ್ಳಿ. ಇನ್ನು ಸಂಜೆ ನಲ್ಲಿಯ ವಿಷಯ ಕೇಳಬೇಡಿ, ಬೇರೆ ಕಥೆಗಳನ್ನು ಹೇಳಿ, ಹನ್ನೊಂದು ವರ್ಷದ್ದು ಉಳಿದಿದೆ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ಗಂಟುಮೋರೆ ಅಕ್ಕನ ಕೃತಜ್ಞತೆಗಳು. ನಮಸ್ಕಾರ.